ಕೋಟೆ ಬಿದ್ದರೂ ಬೀಳದ ಕರುಣೆ



ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನಾವೆಲ್ಲ ಕಂಡವರೇ. 1779ರಲ್ಲಿ ಅದು ಹೈದರಾಲಿಯ ವಶವಾಯಿತು. ದೊರೆ ಮದಕರಿ ನಾಯಕನನ್ನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ದರು. 1784ರಲ್ಲಿ ಅದೇ ಊರಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ, ಕರಾವಳಿಯ ಕಥೋಲಿಕ ಕ್ರೈಸ್ತರನ್ನೂ ಸೆರೆಹಿಡಿದು ತಂದರು. ಬಲವಂತಕ್ಕೆ ಸಿಲುಕಿ ಅನೇಕರು ವಿಶ್ವಾಸವನ್ನು ತೊರೆದರು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯೂ ಬಿತ್ತು.

ಸೆರೆ ಬಿಟ್ಟಿತು, ನಾಚಿಕೆ ಬಿಟ್ಟೀತೇ? ಪ್ರಭುವನ್ನು ಅಲ್ಲಗಳೆದವರನ್ನು ಧರ್ಮಸಭೆ ಮತ್ತೆ ಸೇರಿಸಿಕೊಂಡೀತೇ? ಆಗ ಅಲ್ಲಿಗೆ ಬಂದವರು ಫ್ರಾನ್ಸ್ ದೇಶದ ಗುರು ಅಬ್ಬೆ ದುಬಾಯ್. ನಮ್ಮ ಜನರ ಉಡುಗೆ, ಊಟವನ್ನೇ ತಮ್ಮದಾಗಿಸಿಕೊಂಡಿದ್ದ ಅವರನ್ನು ಜನರು ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಚದುರಿಹೋಗಿದ್ದ ಸಭೆಯನ್ನು ಅವರು ಒಗ್ಗೂಡಿಸಿದರು; ಹಿಂತಿರುಗಿ ಬಂದವರನ್ನು ಸಂಸ್ಕಾರಗಳಿಗೆ ಬರಮಾಡಿಕೊಂಡರು.

ಮೂರು ಸಲ ಅಲ್ಲಗಳೆದ ಪೇತ್ರನು ಅತ್ತಾಗ ಯೇಸುಸ್ವಾಮಿ ಅವನನ್ನು ತಳ್ಳಿಬಿಡಲಿಲ್ಲ. ತಮ್ಮ ಮಂದೆಯನ್ನೇ ಅವನ ಕೈಗೆ ಒಪ್ಪಿಸಿದರು. ಹಾಗಿರುವಾಗ ಬಿದ್ದವರನ್ನು ಅಳೆಯಲು ನಾವು ಯಾರು? ಅಂಥ ಸೆರೆಯಲ್ಲಿ ನಾವಿದ್ದಿದ್ದರೆ ಗಟ್ಟಿಯಾಗಿ ನಿಲ್ಲುತ್ತಿದ್ದೆವೆಂದು ಎದೆ ತಟ್ಟಿ ಹೇಳಬಲ್ಲೆವೇ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಮ್ಮ ಮನೆಗಳಲ್ಲಿಯೂ ಪಾಪನಿವೇದನೆ ಮಾಡದೆ ವರ್ಷಗಳು ಕಳೆದವರಿರಬಹುದು. ‘ಯಾವ ಮುಖ ಹೊತ್ತು ಹೋಗಲಿ?’ ಎಂಬುದೇ ಅವರ ಅಡ್ಡಿ. ಈ ತಪಸ್ಸುಕಾಲದಲ್ಲಿ ಅವರನ್ನು ಹಂಗಿಸದೆ ಜೊತೆಯಲ್ಲಿ ಕರೆದುಕೊಂಡು ಬರೋಣ. ನಾವೂ ಅವರ ಹಿಂದೆಯೇ ಸಾಲಿನಲ್ಲಿ ನಿಲ್ಲೋಣ. ಅಹಂಕಾರದ ಕೋಟೆ ನಮ್ಮನ್ನು ಕಾಯದು. ತಲೆಬಾಗಿದವರನ್ನು ದೇವರ ಕರುಣೆ ಕಾಯುತ್ತದೆ.