ಸಂಬಳವಿಲ್ಲದ ಸಿಸ್ಟರುಗಳು, ಬಾಗಿಲು ಮುಚ್ಚಿದ ಶಾಲೆಗಳು



ಕಾನ್ವೆಂಟ್ ಶಾಲೆ ಎಂದರೆ ನಮಗೆ ನೆನಪಾಗುವುದು ಅಡ್ಮಿಶನ್‌ಗಾಗಿ ನಿಂತ ಅಪ್ಪ-ಅಮ್ಮಂದಿರ ಸಾಲು. ಆದರೆ ಅಮೆರಿಕದಲ್ಲಿ ಇಂಥ ಕ್ಯಾಥೊಲಿಕ್ ಶಾಲೆಗಳು ಅರವತ್ತು ವರ್ಷಗಳಿಂದ ಒಂದೊಂದಾಗಿ ಮುಚ್ಚುತ್ತಾ ಬಂದಿವೆ ಎಂದರೆ ನಂಬುತ್ತೀರಾ? 1960ರ ದಶಕದ ಮಧ್ಯದಲ್ಲಿ ಅಲ್ಲಿ ಸುಮಾರು 13 ಸಾವಿರ ಶಾಲೆಗಳು, 52 ಲಕ್ಷ ಮಕ್ಕಳಿದ್ದರು. ಈಗ ಶಾಲೆಗಳು ಆರು ಸಾವಿರದ ಆಸುಪಾಸು, ಮಕ್ಕಳು ಸುಮಾರು 17 ಲಕ್ಷ.

ಈ ಶಾಲೆಗಳು ಹುಟ್ಟಿದ್ದೇ ಊರು ಬಿಟ್ಟು ಬಂದವರ ಅಳುಕಿನಿಂದ. 1840ರ ದಶಕದಲ್ಲಿ ಐರ್ಲೆಂಡಿನ ಬಡವರು ಹಡಗು ಹತ್ತಿ ಬಂದಾಗ ಸರ್ಕಾರಿ ಶಾಲೆಗಳಲ್ಲಿ ಪ್ರಾಟೆಸ್ಟೆಂಟರ ಬೈಬಲ್ ಓದಿಸಲಾಗುತ್ತಿತ್ತು. ಈ ಜಗಳ ಬೆಳೆದು 1844ರಲ್ಲಿ ಫಿಲಡೆಲ್ಫಿಯಾದಲ್ಲಿ ದಂಗೆಯಾಯಿತು, ಕ್ಯಾಥೊಲಿಕ್ ಚರ್ಚುಗಳಿಗೆ ಬೆಂಕಿ ಬಿತ್ತು. 1884ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಬಿಷಪ್ಪರು ಪ್ರತಿ ಚರ್ಚಿನ ಪಕ್ಕದಲ್ಲೂ ಶಾಲೆ ಇರಬೇಕೆಂದು ಆಜ್ಞೆ ಮಾಡಿದರು.

ಶಾಲೆಯೇನೋ ಕಟ್ಟಿದರು, ಪಾಠ ಹೇಳುವವರು ಯಾರು? ಸಿಸ್ಟರುಗಳು! 1950ರಲ್ಲೂ ಹತ್ತರಲ್ಲಿ ಒಂಬತ್ತು ಶಿಕ್ಷಕರು ಸಂನ್ಯಾಸ ಸ್ವೀಕರಿಸಿದವರೇ. ಪಕ್ಕದ ಮಠದಲ್ಲೇ ವಾಸ, ಕೈಗೆ ಸಿಗುತ್ತಿದ್ದುದು ಅಲ್ಪ ಕಾಣಿಕೆ. ಹಾಗಾಗಿ ಕೂಲಿಕಾರನ ಮಗನಿಗೂ ಫೀಸು ಹೊರೆಯಾಗುತ್ತಿರಲಿಲ್ಲ.

1965ರಲ್ಲಿ ಅಮೆರಿಕದಲ್ಲಿ ಸುಮಾರು 1.8 ಲಕ್ಷ ಸಿಸ್ಟರುಗಳಿದ್ದರು. ಆಮೇಲೆ ಅನೇಕರು ಮಠ ಬಿಟ್ಟರು, ಹೊಸಬರು ಬರಲಿಲ್ಲ. ಈಗ 40 ಸಾವಿರವೂ ಇಲ್ಲ. ಅವರ ಜಾಗಕ್ಕೆ ಬಂದ ಸಂಸಾರಸ್ಥ ಶಿಕ್ಷಕರಿಗೆ ಸಂಬಳ ಬೇಕಲ್ಲ? ಕೆಲವು ರಾಜ್ಯಗಳು ಸಂಬಳದ ಸ್ವಲ್ಪ ಭಾಗ ಕೊಡಲು ಮುಂದಾದವು. 1971ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ತಡೆ ಹಾಕಿತು. ಫೀಸು ಏರಿತು, ಮಕ್ಕಳು ಕಡಿಮೆಯಾದರು. ಮಕ್ಕಳು ಕಡಿಮೆಯಾದಂತೆ ಫೀಸು ಮತ್ತೆ ಏರಿತು.

ಇತ್ತ ಐರಿಷ್, ಇಟಾಲಿಯನ್ ಕುಟುಂಬಗಳು ನಗರ ಬಿಟ್ಟು ಉಪನಗರಗಳಿಗೆ ಹೋದವು. ಹಳೆಯ ತರಗತಿಗಳಿಗೆ ಕಪ್ಪು ಜನಾಂಗದ, ಲ್ಯಾಟಿನ್ ಅಮೆರಿಕ ಮೂಲದ ಮಕ್ಕಳು ಬಂದರು. ಅವರಲ್ಲಿ ಅನೇಕರು ಕ್ಯಾಥೊಲಿಕರೇ ಅಲ್ಲ. ಬಡ ಬಡಾವಣೆಯಲ್ಲಿ ಶಿಸ್ತಿನ ಶಾಲೆಯೊಂದು ಸಿಕ್ಕಿತೆಂದು ತಾಯಂದಿರು ಹೊಟ್ಟೆಬಟ್ಟೆ ಕಟ್ಟಿ ಫೀಸು ಕಟ್ಟಿದರು. ಶಾಲೆ ಮುಚ್ಚಿದಾಗ ಹೆಚ್ಚು ಪೆಟ್ಟು ಬಿದ್ದದ್ದು ಇವರಿಗೇ. 2012ರಲ್ಲಿ ಅದೇ ಫಿಲಡೆಲ್ಫಿಯಾದಲ್ಲಿ ಮುಚ್ಚುವ ಇಲ್ಲವೇ ವಿಲೀನಗೊಳಿಸುವ ಪಟ್ಟಿಯಲ್ಲಿ 40ಕ್ಕೂ ಹೆಚ್ಚು ಶಾಲೆಗಳಿದ್ದವು. ದಾನಿಗಳು ಮುಂದೆ ಬಂದದ್ದರಿಂದ ನಾಲ್ಕು ಹೈಸ್ಕೂಲುಗಳು ಉಳಿದುಕೊಂಡವು. 2020ರ ಕೋವಿಡ್ ಹೊಡೆತಕ್ಕೆ ದೇಶದಾದ್ಯಂತ ಸುಮಾರು 200 ಶಾಲೆಗಳು ಹೋದವು.

ಎಲ್ಲಿಯ ಅಮೆರಿಕ, ಎಲ್ಲಿಯ ನಾವು ಅನ್ನಬೇಡಿ. ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನು ನೆನೆಸಿಕೊಳ್ಳಿ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಅಲ್ಲಿ ಅಕ್ಷರ ಕಲಿತರು. ಅವೂ ನಡೆದದ್ದು ಲಾಭ ನೋಡದೆ ದುಡಿದವರಿಂದಲೇ. ಅವುಗಳಲ್ಲೂ ಎಷ್ಟೋ ಈಗಿಲ್ಲ. ದೀಪ ಉರಿಯುವಾಗ ಎಣ್ಣೆ ಹೊಯ್ಯುವವರ ಕಡೆ ನಾವು ನೋಡುವುದಿಲ್ಲ, ಆರಿದ ಮೇಲೆ ಹುಡುಕುತ್ತೇವೆ.

ನೀವು ಅಂಥ ಶಾಲೆಯಲ್ಲಿ ಓದಿದವರಾದರೆ, ಪಾಠ ಹೇಳಿದ ಮೇಷ್ಟ್ರ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿ. ಕಾರ್ಯಕ್ರಮದಲ್ಲಿ ಖಂಡಿತ ಓದುತ್ತೇನೆ.