ಶೂನ್ಯ ಬಿಲ್ ಬರುತ್ತಿದ್ದ ಮನೆಗೆ ಏಕಾಏಕಿ 1,800 ರೂಪಾಯಿ: ಯೂನಿಟ್ ಹೋಗಿದ್ದೆಲ್ಲಿ ಎಂದು ಹುಡುಕುವುದು ಹೇಗೆ?

2025ರ ಮೇ ತಿಂಗಳಲ್ಲಿ ಊರಿನಿಂದ ಅಮ್ಮ ಫೋನ್ ಮಾಡಿದ್ದರು. "ಗೃಹಜ್ಯೋತಿ ನಿಲ್ಲಿಸಿಬಿಟ್ರೇನೋ? ಸಾವಿರದ ಎಂಟುನೂರು ಚಿಲ್ಲರೆ ಬಿಲ್ ಬಂದಿದೆ." ಪಕ್ಕದ ಮನೆಯವರು ಆಗಲೇ ತೀರ್ಪು ಕೊಟ್ಟಾಗಿತ್ತು: ಮೀಟರ್ ಜೋರಾಗಿ ಓಡುತ್ತಿದೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮಾವನ ತೀರ್ಪು ಬೇರೆ: ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಳ್ತಿದ್ದಾರೆ. ಭಾನುವಾರ ಊರಿಗೆ ಹೋಗಿ ಎರಡು ಗಂಟೆ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಮಹಡಿ ಮೇಲಿನ ಬಾತ್‌ರೂಮಿನ ಫ್ಲಶ್ ಟ್ಯಾಂಕ್ ಸೋರುತ್ತಿತ್ತು.

ಫ್ಲಶ್ ಟ್ಯಾಂಕಿಗೂ ಕರೆಂಟ್ ಬಿಲ್ಲಿಗೂ ಏನು ಸಂಬಂಧ ಅನ್ನುವುದನ್ನು ಮುಂದೆ ನೋಡೋಣ. ಅದಕ್ಕೂ ಮೊದಲು ಒಂದು ಮಾತು. ಶೂನ್ಯ ಬಿಲ್ ಬರಲು ಶುರುವಾದ ಮೇಲೆ ನಾವು ಬಿಲ್ ಓದುವುದನ್ನೇ ಬಿಟ್ಟಿದ್ದೇವೆ. ಹಾಗಾಗಿ ನಿಧಾನಕ್ಕೆ ಏರಿದ ಬಳಕೆಯೂ, ಸದ್ದಿಲ್ಲದೆ ಬದಲಾದ ದರವೂ ಒಂದು ದಿನ ಏಕಾಏಕಿ ಎದುರಿಗೆ ಬಂದು ನಿಂತಂತೆ ಕಾಣುತ್ತದೆ.

ಮೊದಲು ಬಿಲ್ ಓದಿ

ಮೊತ್ತ ಬಿಡಿ, ಯೂನಿಟ್ ನೋಡಿ. ಬಿಲ್‌ನಲ್ಲಿರುವ ಇಂದಿನ ಮಾಪನದಲ್ಲಿ ಹಿಂದಿನ ಮಾಪನ ಕಳೆದರೆ ಬರುವುದೇ ನಿಮ್ಮ ಬಳಕೆ. ಇಂದಿನ ಮಾಪನವನ್ನು ಮೀಟರಿನ ಮೇಲಿರುವ ಅಂಕಿಯ ಜೊತೆ ಹೋಲಿಸಿ. ಮೀಟರಿನಲ್ಲಿ ಈಗ ಕಾಣುವ ಅಂಕಿ ಬಿಲ್‌ನಲ್ಲಿರುವುದಕ್ಕಿಂತ ಕಡಿಮೆಯಿದ್ದರೆ ರೀಡಿಂಗ್ ತಪ್ಪಾಗಿದೆ, ಹುಡುಕಾಟ ಅಲ್ಲಿಗೇ ಮುಗಿಯಿತು. ಮೀಟರಿನ ಫೋಟೋ ತೆಗೆದು ದೂರು ಕೊಡಿ.

ಆಮೇಲೆ ದಿನ ಎಣಿಸಿ. ರೀಡಿಂಗ್ ತಡವಾಗಿ 33 ದಿನಕ್ಕೆ ಬಿಲ್ ಬಂದಿರಬಹುದು. 33 ದಿನಕ್ಕೆ 205 ಯೂನಿಟ್ ಅಂದರೆ ದಿನಕ್ಕೆ ಸುಮಾರು 6.2 ಯೂನಿಟ್. 30 ದಿನದ ಲೆಕ್ಕದಲ್ಲಿ ಅದು 186 ಮಾತ್ರ. ಹಿಂದಿನ ತಿಂಗಳು ಮನೆ ಬಾಗಿಲು ಹಾಕಿತ್ತೆಂದು ಸರಾಸರಿ ಬಿಲ್ ಕೊಟ್ಟಿದ್ದರೆ, ಎರಡು ತಿಂಗಳ ಬಳಕೆ ಒಂದೇ ತಿಂಗಳ ತಲೆಗೆ ಬಿದ್ದಿದೆಯಾ ಎಂದೂ ನೋಡಿ.

ಯೂನಿಟ್ ಮಾಮೂಲಿನಷ್ಟೇ ಇದ್ದು ಮೊತ್ತ ಮಾತ್ರ ಹೆಚ್ಚಿದ್ದರೆ ಹಳೆ ಬಾಕಿ, ಬಡ್ಡಿ ಮತ್ತು ಹೆಚ್ಚುವರಿ ಭದ್ರತಾ ಠೇವಣಿಯ ಸಾಲುಗಳನ್ನು ಹುಡುಕಿ. ನಿಮ್ಮ ಠೇವಣಿ ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಇರಬೇಕು ಅನ್ನುವುದು ನಿಯಮ. ಬಳಕೆ ಏರಿದ್ದರೆ ವ್ಯತ್ಯಾಸವನ್ನು ಕೇಳುತ್ತಾರೆ. ಅದು ಪ್ರತಿ ತಿಂಗಳು ಬರುವ ಖರ್ಚಲ್ಲ.

200ರ ಗಡಿ

ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ತುಂಬಾ ಜನ ಈಗಲೂ ತಿಳಿದುಕೊಂಡಿದ್ದಾರೆ. 2023ರ ಜುಲೈ ಬಳಕೆಯಿಂದ ಜಾರಿಯಾದ ಯೋಜನೆಯ ಲೆಕ್ಕ ಬೇರೆಯೇ ಇದೆ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವುದು ನಿಮ್ಮ ಅರ್ಹ ಯೂನಿಟ್. ಸರಾಸರಿ 48 ಯೂನಿಟ್‌ಗಿಂತ ಕಡಿಮೆಯಿದ್ದವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸಲು 2024ರ ಜನವರಿಯಲ್ಲಿ ಸಂಪುಟ ತೀರ್ಮಾನಿಸಿತು.

ಅರ್ಹ ಯೂನಿಟ್‌ನೊಳಗಿದ್ದರೆ ಬಿಲ್ ಶೂನ್ಯ. ಅದನ್ನು ದಾಟಿ 200ರೊಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ನಮ್ಮ ಮನೆಯ ಸರಾಸರಿ 150, ಅರ್ಹ ಯೂನಿಟ್ 165, ಮಂಜೂರಾದ ಲೋಡ್ 3 ಕಿಲೋವ್ಯಾಟ್. 2025-26ರ ದರ ಹಾಕಿ ನೋಡೋಣ: ಯೂನಿಟ್‌ಗೆ 5.80 ರೂಪಾಯಿ, ಪಿಂಚಣಿ-ಗ್ರಾಚ್ಯುಟಿ ಸರ್‌ಚಾರ್ಜ್ 36 ಪೈಸೆ, ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145 ರೂಪಾಯಿ, ವಿದ್ಯುತ್ ಶುಲ್ಕದ ಮೇಲೆ ಶೇ 9 ತೆರಿಗೆ.

198 ಯೂನಿಟ್ ಬಳಸಿದ್ದರೆ ಹೆಚ್ಚಾದ 33 ಯೂನಿಟ್‌ಗೆ ಎಲ್ಲ ಸೇರಿ ಸುಮಾರು 220 ರೂಪಾಯಿ. ಅಮ್ಮನ ಬಿಲ್‌ನಲ್ಲಿದ್ದದ್ದು 205 ಯೂನಿಟ್. ವಿದ್ಯುತ್ ಶುಲ್ಕ 1,189, ಸರ್‌ಚಾರ್ಜ್ 74, ನಿಗದಿತ ಶುಲ್ಕ 435, ತೆರಿಗೆ 107, ಒಟ್ಟು 1,805. ಏಳು ಯೂನಿಟ್ ವ್ಯತ್ಯಾಸಕ್ಕೆ ಸುಮಾರು 1,600 ರೂಪಾಯಿ! ಏಳು ಯೂನಿಟ್ ಅಂದರೆ ಎರಡು ಕಿಲೋವ್ಯಾಟ್ ಗೀಸರನ್ನು ಇಡೀ ತಿಂಗಳಲ್ಲಿ ಮೂರೂವರೆ ಗಂಟೆ ಹೆಚ್ಚು ಓಡಿಸಿದಷ್ಟು, ಅಷ್ಟೇ.

ಉಳ್ಳವರಿಗೆ ಸಬ್ಸಿಡಿ ಬೇಡ ಅನ್ನುವ ಉದ್ದೇಶ ಸರಿಯೇ. ಆದರೆ ಬೇಸಿಗೆಯಲ್ಲಿ ಒಂದು ತಿಂಗಳು ಗಡಿ ದಾಟಿದ ಮಧ್ಯಮ ಕುಟುಂಬಕ್ಕೂ ವರ್ಷಪೂರ್ತಿ ಎಸಿ ಹಾಕುವ ಮನೆಗೂ ಈ ಗಡಿ ವ್ಯತ್ಯಾಸ ಮಾಡುವುದಿಲ್ಲ.

ದರವೇ ಬದಲಾಗಿದೆಯಾ?

2023ರ ಜೂನ್ ನೆನಪಿಸಿಕೊಳ್ಳಿ. ರಾಜ್ಯದ ತುಂಬಾ ಬಿಲ್ ಏರಿ ಗಲಾಟೆಯಾಗಿತ್ತು. ವಿದ್ಯುತ್ ನಿಯಂತ್ರಣ ಆಯೋಗ ಆ ದರದ ಆದೇಶ ಹೊರಡಿಸಿದ್ದು ಮೇ 12ರಂದು. ಮತದಾನ ಮುಗಿದು ಎರಡು ದಿನ ಆಗಿತ್ತು, ಎಣಿಕೆಗೆ ಒಂದು ದಿನ ಬಾಕಿಯಿತ್ತು. ಜಾರಿ ಮಾತ್ರ ಏಪ್ರಿಲ್ 1ರಿಂದಲೇ, ಹಾಗಾಗಿ ಹಿಂಬಾಕಿಯೂ ಸೇರಿಕೊಂಡಿತು. ಜೊತೆಗೆ ಸ್ಲ್ಯಾಬ್ ಬದಲಾಯಿತು: 100 ಯೂನಿಟ್‌ವರೆಗೆ 4.75 ರೂಪಾಯಿ, ಅದನ್ನು ದಾಟಿದರೆ ಎಲ್ಲ ಯೂನಿಟ್‌ಗೂ 7 ರೂಪಾಯಿ. ಗೃಹಜ್ಯೋತಿ ಇನ್ನೂ ಶುರುವಾಗಿರಲಿಲ್ಲ. ಹೊಸ ಸರ್ಕಾರ ಮಾಡಿದ್ದೆಂದು ಕೆಲವರು, ಹಳೆ ಸರ್ಕಾರ ಮಾಡಿದ್ದೆಂದು ಕೆಲವರು ಕಿತ್ತಾಡಿದರು. ಸ್ಲ್ಯಾಬ್ ಬದಲಾಗಿದ್ದನ್ನು ಓದಿದವರು ಕಡಿಮೆ.

2024ರ ಏಪ್ರಿಲ್‌ನಿಂದ ಸ್ಲ್ಯಾಬ್ ಹೋಗಿ ಎಲ್ಲ ಯೂನಿಟ್‌ಗೂ 5.90 ಆಯಿತು. 2025ರಲ್ಲಿ ಅದು 5.80ಕ್ಕೆ ಇಳಿಯಿತು. ಕೇಳಲು ಚೆನ್ನಾಗಿದೆ. ಆದರೆ ವಿದ್ಯುತ್ ಕಂಪನಿ ನೌಕರರ ಪಿಂಚಣಿ-ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ ಸೇರಿದ್ದರಿಂದ ಒಟ್ಟಾರೆ 26 ಪೈಸೆ ಏರಿತು. ನಿಗದಿತ ಶುಲ್ಕವೂ ಕಿಲೋವ್ಯಾಟ್‌ಗೆ 120ರಿಂದ 145ಕ್ಕೆ ಹೋಯಿತು. 3 ಕಿಲೋವ್ಯಾಟ್ ಮನೆಯಲ್ಲಿ ಒಂದು ಬಲ್ಬ್ ಹಚ್ಚದಿದ್ದರೂ ತಿಂಗಳಿಗೆ 75 ರೂಪಾಯಿ ಹೆಚ್ಚು. ಶೂನ್ಯ ಬಿಲ್ ಬರುವವರಿಗೆ ಇದು ಗೊತ್ತೇ ಆಗುವುದಿಲ್ಲ, 200 ದಾಟಿದ ತಿಂಗಳು ಒಟ್ಟಿಗೇ ಗೊತ್ತಾಗುತ್ತದೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಇನ್ನೊಂದು ಸಾಲೂ ಇರುತ್ತದೆ. ಅದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ನಿಮ್ಮ ಲೆಕ್ಕ ಹಾಕುವಾಗ ನಿಮ್ಮ ಬಿಲ್‌ನಲ್ಲಿರುವ ದರವನ್ನೇ ಹಿಡಿಯಿರಿ.

ಯೂನಿಟ್ ಹೋಗಿದ್ದೆಲ್ಲಿ?

ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಕಾಯಿಸಿದರೆ ತಿಂಗಳಿಗೆ 60 ಯೂನಿಟ್. 75 ವ್ಯಾಟಿನ ಹಳೆ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ 27 ಯೂನಿಟ್. ಅದೇ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಾದರೆ 11. ಸೆಟ್‌ಟಾಪ್ ಬಾಕ್ಸ್ ಸ್ವಿಚ್ ಆರಿಸದೆ ಬಿಟ್ಟು ಅದು ಸದಾ 10 ವ್ಯಾಟ್ ಎಳೆಯುತ್ತಿದ್ದರೆ 7 ಯೂನಿಟ್. ನೋಡಿ, 198 ಮತ್ತು 205ರ ನಡುವಿನ ವ್ಯತ್ಯಾಸ ಇಷ್ಟೇ.

ಮಿಕ್ಸಿ, ಮೊಬೈಲ್ ಚಾರ್ಜರ್ ಮೇಲೆ ಅನುಮಾನ ಬೇಡ. ಅನುಮಾನ ಪಡಬೇಕಾದ್ದು ಬಿಸಿ ಮಾಡುವ, ತಂಪು ಮಾಡುವ, ನೀರೆತ್ತುವ ಯಂತ್ರಗಳ ಮೇಲೆ. ಬಾಗಿಲಿನ ರಬ್ಬರ್ ಹೋದ ಫ್ರಿಜ್, ಸ್ವಿಚ್ ಆರಿಸಲು ಮರೆತ ಗೀಸರ್, ಮತ್ತೆ ಮೋಟರ್.

ಒಂದು ಎಚ್‌ಪಿ ಮೋಟರ್ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ನಮ್ಮ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಸಾಕಾಗುತ್ತಿತ್ತು. ಫ್ಲಶ್ ಟ್ಯಾಂಕ್ ಸೋರಲು ಶುರುವಾದ ಮೇಲೆ "ಬೇಸಿಗೆ, ನೀರು ಬೇಗ ಖಾಲಿಯಾಗುತ್ತೆ" ಎಂದುಕೊಂಡು ಅಮ್ಮ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೋಟರ್ ಹಾಕುತ್ತಿದ್ದರು. ದಿನಕ್ಕೆ ಒಂದೂವರೆ ಗಂಟೆ. ತಿಂಗಳಿಗೆ 30 ಯೂನಿಟ್ ಹೆಚ್ಚು. ಬೇಸಿಗೆಯ ಫ್ಯಾನು, ಫ್ರಿಜ್ಜಿನದ್ದು ಇನ್ನೊಂದು 15. ಮಾಮೂಲಿ 160 ಇದ್ದದ್ದು 205 ಆಯಿತು.

ಮೀಟರ್ ಮೇಲೆ ಅನುಮಾನವಿದ್ದರೆ

ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗಬೇಕು ಎಂದು ಬರೆದಿರುತ್ತದೆ. 3200 ಎಂದಿದ್ದರೆ ಲೆಕ್ಕ ಸುಲಭ: ಎರಡು ಮಿನುಗುಗಳ ನಡುವಿನ ಸೆಕೆಂಡಿನಿಂದ 1125ನ್ನು ಭಾಗಿಸಿದರೆ ಆ ಕ್ಷಣ ಎಳೆಯುತ್ತಿರುವ ವ್ಯಾಟ್ ಸಿಗುತ್ತದೆ. ಹತ್ತು ಸೆಕೆಂಡಿಗೊಮ್ಮೆ ಮಿನುಗಿದರೆ ಸುಮಾರು 112 ವ್ಯಾಟ್. ಮೀಟರ್ 1600ರದ್ದಾದರೆ 2250ನ್ನು ಭಾಗಿಸಿ.

ಮನೆಯ ಮೇನ್ ಸ್ವಿಚ್ ಆರಿಸಿ ನೋಡಿ. ದೀಪ ಆಗಲೂ ಮಿನುಗುತ್ತಿದ್ದರೆ ಮೀಟರಿಗೂ ನಿಮ್ಮ ಮೇನ್ ಸ್ವಿಚ್ಚಿಗೂ ನಡುವೆ ಬೇರೆ ಯಾವುದೋ ಲೈನ್ ಸೇರಿರಬಹುದು, ಇಲ್ಲವೇ ಮೀಟರ್ ದೋಷವಿರಬಹುದು. ನಾಲ್ಕೈದು ಮೀಟರ್ ಒಂದೇ ಬೋರ್ಡಿನಲ್ಲಿರುವ ಕಟ್ಟಡಗಳಲ್ಲಿ ಮೆಟ್ಟಿಲಿನ ಲೈಟು, ಎಲ್ಲರಿಗೂ ಸೇರಿದ ಮೋಟರ್ ಒಬ್ಬರ ಮೀಟರಿಗೆ ಸೇರಿಕೊಂಡಿದೆಯಾ ಎಂದು ಮೊದಲು ನೋಡಿ. ಮೇನ್ ಆರಿಸಿದಾಗ ಮಿನುಗು ನಿಂತರೆ, ಎಂಸಿಬಿಗಳನ್ನು ಒಂದೊಂದಾಗಿ ಹಾಕುತ್ತಾ ಯಾವುದರಲ್ಲಿ ದೀಪ ಜೋರಾಗುತ್ತದೆ ನೋಡಿ.

ಮೀಟರಿನ ವೇಗ ಪರೀಕ್ಷಿಸಲು ಎಲ್ಲ ಆರಿಸಿ, ಬಕೆಟ್ ನೀರಿನಲ್ಲಿ ಸಾವಿರ ವ್ಯಾಟಿನ ಹೀಟರ್ ಕಾಯಿಲ್ ಒಂದನ್ನೇ ಹಾಕಿ. 3200ರ ಮೀಟರ್ ನಿಮಿಷಕ್ಕೆ ಸುಮಾರು 53 ಸಲ ಮಿನುಗಬೇಕು. ವೋಲ್ಟೇಜ್ ಪ್ರಕಾರ 45ರಿಂದ 60ರವರೆಗೆ ಸಹಜ. 80-90 ಬಂದರೆ ಅನುಮಾನಕ್ಕೆ ಆಧಾರವಿದೆ. ಕಾಯಿಲ್ ಆನ್ ಇರುವಾಗ ನೀರಿಗೆ ಕೈ ಹಾಕಬೇಡಿ. ಮೀಟರಿನ ಸೀಲ್ ಮತ್ತು ವೈರಂತೂ ಮುಟ್ಟಲೇಬೇಡಿ. ಅದು ಅಪಾಯವೂ ಹೌದು, ಕೇಸೂ ಆಗುತ್ತದೆ.

ಬಾಡಿಗೆದಾರರ ಪಾಡು

ನಗರದ ಯುವಜನರಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲಿ. ಮೂರು ಸಣ್ಣ ಮನೆಗಳಿಗೆ ಒಂದೇ ಆರ್‌ಆರ್ ನಂಬರ್, ಒಳಗೆ ಮಾಲೀಕರು ಹಾಕಿಸಿದ ಸಬ್ ಮೀಟರ್. ಒಂದೊಂದು ಮನೆ 80 ಯೂನಿಟ್ ಬಳಸಿದರೆ ಒಟ್ಟು 240. ಮೂವರಿಗೂ ಗೃಹಜ್ಯೋತಿ ಇಲ್ಲ. ಯೋಜನೆ ಎಣಿಸುವುದು ಮೀಟರನ್ನು, ಕುಟುಂಬವನ್ನಲ್ಲ. ಇದರ ಮೇಲೆ ಕೆಲವು ಮಾಲೀಕರು ಯೂನಿಟ್‌ಗೆ ತಮಗೆ ತೋಚಿದ ದರ ಹಾಕುವುದೂ ಇದೆ. ಮೂಲ ಬಿಲ್ ತೋರಿಸಿ ಎಂದು ಕೇಳಿ. ಒಟ್ಟು ಮೊತ್ತವನ್ನು ಒಟ್ಟು ಯೂನಿಟ್‌ನಿಂದ ಭಾಗಿಸಿದರೆ ನ್ಯಾಯದ ದರ ಗೊತ್ತಾಗುತ್ತದೆ.

ಪ್ರತ್ಯೇಕ ಮೀಟರ್ ಇರುವ ಮನೆಗೆ ಹೊಸದಾಗಿ ಬಂದಿದ್ದರೆ, ಹಿಂದಿನ ಮನೆಯ ಜೋಡಣೆ ರದ್ದು ಮಾಡಿಸಿ ಸೇವಾಸಿಂಧು ಪೋರ್ಟಲ್‌ನಲ್ಲಿ ಹೊಸ ಆರ್‌ಆರ್ ನಂಬರಿಗೆ ನೋಂದಾಯಿಸಬೇಕು. ಇದನ್ನು ಮಾಡದೆ ಇದ್ದರೆ ಎಷ್ಟೇ ಕಡಿಮೆ ಬಳಸಿದರೂ ಬಿಲ್ ಬರುತ್ತದೆ.

ದೂರು ಎಲ್ಲಿಗೆ?

1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಉಪವಿಭಾಗ ಕಚೇರಿಗೆ ಮೀಟರಿನ ಫೋಟೋ, ಹಿಂದಿನ ಆರು ತಿಂಗಳ ಯೂನಿಟ್ ಪಟ್ಟಿ ಇಟ್ಟು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಶುಲ್ಕ ಕಟ್ಟಿ ಮೀಟರ್ ಪರೀಕ್ಷೆ ಕೇಳಬಹುದು. ಅಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್.

2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ನೆನಪಿಟ್ಟುಕೊಳ್ಳಿ. ಬಾಕಿಗಾಗಿ ಸಂಪರ್ಕ ಕಡಿತ ಮಾಡಲು 15 ದಿನದ ಲಿಖಿತ ನೋಟಿಸ್ ಕೊಡಬೇಕು. ಬಿಲ್ ತಪ್ಪು ಎಂಬ ತಕರಾರಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳಲ್ಲಿ ಕಟ್ಟಿದ ಸರಾಸರಿ, ಇವೆರಡರಲ್ಲಿ ಕಡಿಮೆಯಿರುವುದನ್ನು ಪ್ರತಿಭಟನೆ ದಾಖಲಿಸಿ ಕಟ್ಟಿದರೆ ತೀರ್ಮಾನವಾಗುವ ತನಕ ಕರೆಂಟ್ ಕಡಿಯುವಂತಿಲ್ಲ. ಎರಡು ವರ್ಷದ ಹಿಂದಿನ ಬಾಕಿಯನ್ನು ಬಿಲ್‌ಗಳಲ್ಲಿ ಸತತವಾಗಿ ತೋರಿಸುತ್ತಾ ಬಂದಿರದಿದ್ದರೆ ವಸೂಲಿ ಮಾಡುವಂತೆಯೂ ಇಲ್ಲ.

ಅಮ್ಮ ಆ 1,800 ಚಿಲ್ಲರೆಯನ್ನು ಕಟ್ಟಿದರು, ಯಾಕೆಂದರೆ ಬಿಲ್ ಸರಿಯಿತ್ತು. ಪ್ಲಂಬರ್ ಬಂದು ಫ್ಲಶ್ ವಾಲ್ವ್ ಬದಲಿಸಿ ಹೋದ. ಈಗ ಪ್ರತಿ ತಿಂಗಳ 20ನೇ ತಾರೀಖು ಅಮ್ಮ ಮೀಟರಿನ ಅಂಕಿಯನ್ನು ಕ್ಯಾಲೆಂಡರ್ ಮೇಲೆ ಬರೆದಿಡುತ್ತಾರೆ. ರೀಡಿಂಗ್‌ಗೆ ಹತ್ತು ಹನ್ನೆರಡು ದಿನ ಇರುವಾಗ 140 ದಾಟಿದ್ದರೆ ಗೀಸರಿಗೆ ರಜೆ. ಮಾವನ ವಾಟ್ಸಾಪ್ ತೀರ್ಪಿಗೂ ಅವರ ಹತ್ತಿರ ಒಂದೇ ಪ್ರಶ್ನೆ ಇದೆ: "ಯೂನಿಟ್ ಎಷ್ಟು ಬಂದಿದೆ ಅಂತ ನೋಡಿದ್ಯಾ?"