ಕಪ್ಪು-ಬಿಳುಪಿನ ಛಾಯಾಚಿತ್ರದಲ್ಲಿ ವರ್ಣಲೋಪ

ವರ್ಣವೆಂಬ ಶಬ್ದಕ್ಕೆ ಅಕ್ಷರವೆಂದೂ ಬಣ್ಣವೆಂದೂ ಎರಡರ್ಥಗಳಿರುವುದು ವಾಚಕರಿಗೆ ವಿದಿತವೇ ಆಗಿದೆ. ವರ್ಣಲೋಪವೆಂದೊಡನೆ ವೈಯಾಕರಣನಿಗೆ ಮೊದಲನೆಯ ಅರ್ಥವು ಹೊಳೆಯುವುದು. ಕಪ್ಪು-ಬಿಳುಪಿನ ಛಾಯಾಚಿತ್ರದಲ್ಲಿ ಲೋಪವಾಗುವುದು ಎರಡನೆಯದು. ಆದರೆ ಅದರ ದೆಸೆಯಿಂದ ಮೊದಲನೆಯದೂ ಒಮ್ಮೊಮ್ಮೆ ಲೋಪವಾಗುವುದುಂಟು. ಹಸ್ತಪ್ರತಿಗಳನ್ನು ಛಾಯಾಚಿತ್ರಗಳ ಮೂಲಕ ಓದುವವರು ಇದನ್ನು ಗಮನಿಸದಿದ್ದರೆ ಪಾಠನಿರ್ಣಯವೇ ಕೆಡುವುದಾದಕಾರಣ, ಇದರ ಇತಿಹಾಸವನ್ನು ಇಲ್ಲಿ ಸ್ವಲ್ಪ ವಿಚಾರಿಸುವೆವು.

ಬಣ್ಣವು ಹೋದಮೇಲೆ ಉಳಿಯುವುದು ಬೆಳಕಿನ ತಾರತಮ್ಯವೊಂದೇ. ಅದು ನಮ್ಮ ಕಣ್ಣಿಗೆ ಕಂಡಂತೆಯೇ ಚಿತ್ರದಲ್ಲಿಯೂ ಇರುವುದೆಂದು ಸಾಮಾನ್ಯರು ನಂಬುವರು. ಇದು ಸರಿಯಲ್ಲ. ಆರಂಭಕಾಲದ ಬೆಳ್ಳಿಯ ಲವಣಗಳ ಲೇಪವು ನೀಲಿಯನ್ನು ಚೆನ್ನಾಗಿ ಗ್ರಹಿಸುತ್ತಿದ್ದಿತು. ಹಳದಿ ಕೆಂಪುಗಳು ಅದರ ಪಾಲಿಗೆ ಬಹುಮಟ್ಟಿಗೆ ಕತ್ತಲೆಯೇ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಹಂಪೆಯ ದೇವಾಲಯಗಳನ್ನು ಮೇಣದ ಕಾಗದದ ಮೇಲೆ ಚಿತ್ರಿಸಿದಾಗ ಇದ್ದುದು ಇಂಥ ಲೇಪವೇ. ಆ ಕಾಲದ ಚಿತ್ರಗಳಲ್ಲಿ ಆಕಾಶವು ಬೋಳಾಗಿದ್ದರೆ ಅಂದು ಮೋಡವಿರಲಿಲ್ಲವೆಂದು ಊಹಿಸಲಾಗದು. ಬಾನಿನ ನೀಲಿಯೂ ಮೋಡದ ಬಿಳುಪೂ ಒಂದಾಗಿಬಿಡುತ್ತಿದ್ದುವು. ಅದೇ ಕಾಲದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬವನು ತನ್ನ ಕೆಲವು ಕಡಲ ಚಿತ್ರಗಳಿಗಾಗಿ ಕಡಲನ್ನೂ ಬಾನನ್ನೂ ಬೇರೆಬೇರೆ ಫಲಕಗಳಲ್ಲಿ ಹಿಡಿದು ಒಂದೇ ಕಾಗದದ ಮೇಲೆ ಒತ್ತಿದನು. ಇದನ್ನು ಕಪಟವೆನ್ನಬೇಕೆ? ನಮಗೆ ಹಾಗೆ ತೋರದು. ಯಂತ್ರವು ಬಿಟ್ಟುದನ್ನು ಆತನು ತುಂಬಿದನು, ಅಷ್ಟೆ.

ಲೇಪಕ್ಕೆ ತಕ್ಕ ಬಣ್ಣದ ದ್ರವ್ಯವನ್ನು ಬೆರೆಸಿದರೆ ಅದು ಹಸುರನ್ನೂ ಗ್ರಹಿಸುವುದೆಂದು ಬರ್ಲಿನ್ನಿನ ಹೆರ್ಮನ್ ಫೋಗೆಲನು 1873ರಲ್ಲಿ ಕಂಡುಹಿಡಿದನು. ಕೆಂಪನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಲಕಗಳು 1906ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದುವು. ಕೆಂಪು ದೀಪದಡಿಯಲ್ಲಿ ನೋಡುತ್ತ ಫಲಕವನ್ನು ತೊಳೆಯುವ ಸೌಕರ್ಯವು ಇದರಿಂದ ತಪ್ಪಿತು. ಆದರೆ ಯಾವ ಬಣ್ಣವು ಬೆಳಗಬೇಕು, ಯಾವುದು ಕಪ್ಪಾಗಬೇಕು ಎಂಬುದನ್ನು ಫಿಲ್ಟರೆಂಬ ಬಣ್ಣದ ಗಾಜಿನಿಂದ ನಿಶ್ಚಯಿಸುವ ಅಧಿಕಾರವು ಚಿತ್ರಕಾರನ ಕೈಸೇರಿತು. 1927ರ ಏಪ್ರಿಲಿನಲ್ಲಿ ಆನ್ಸೆಲ್ ಆಡಮ್ಸನು ಕ್ಯಾಲಿಫೋರ್ನಿಯದ ಯೊಸೆಮಿಟಿಯಲ್ಲಿ ಹಾಫ್ ಡೋಮ್ ಎಂಬ ಹೆಬ್ಬಂಡೆಯನ್ನು ಹಳದಿ ಗಾಜಿನ ಮೂಲಕ ಚಿತ್ರಿಸಿ, ತನ್ನ ಮನಸ್ಸಿನಲ್ಲಿದ್ದ ಗಾಂಭೀರ್ಯವು ಅದರಲ್ಲಿ ಬಾರದೆಂದು ಬಗೆದು, ಉಳಿದಿದ್ದ ಕೊನೆಯ ಫಲಕಕ್ಕೆ ಗಾಢವಾದ ಕೆಂಪು ಗಾಜನ್ನು ಹಿಡಿದನು. ನೀಲಿಯು ತಡೆಯಲ್ಪಟ್ಟು ಬಾನು ಬಹುತೇಕ ಕಪ್ಪಾಯಿತು.

ಆ ಕೆಂಪು ಗಾಜೇ ನಮ್ಮನ್ನು ಒಮ್ಮೆ ಮೋಸಗೊಳಿಸಿತು. ಹಲವು ವರ್ಷಗಳ ಹಿಂದೆ ಒಂದು ಅಲಂಕಾರಗ್ರಂಥದ ಕಾಗದದ ಪ್ರತಿಯನ್ನು ಕಪ್ಪು-ಬಿಳುಪಿನ ಫಿಲ್ಮಿನ ಚಿತ್ರಗಳಿಂದಲೇ ಓದಿ, ಅದರಲ್ಲಿ ಶ್ಲೋಕಸಂಖ್ಯೆಗಳೂ ಪರಿಚ್ಛೇದಾಂತ್ಯದ ವಾಕ್ಯಗಳೂ ಇಲ್ಲವೆಂದು ಬರೆದುಕೊಂಡೆವು. ಮೂಲವನ್ನು ಕಂಡಾಗ ಅವೆಲ್ಲವೂ ಕೆಂಪು ಮಸಿಯಲ್ಲಿ ನೆಟ್ಟಗೆ ನಿಂತಿದ್ದುವು! ಕಾಗದದ ಕಂದು ಕಲೆಗಳನ್ನು ಹೋಗಲಾಡಿಸುವುದಕ್ಕಾಗಿ ಕೆಂಪು ಗಾಜನ್ನು ಹಾಕಲಾಗಿ, ಕಲೆಯೊಡನೆ ಮಸಿಯೂ ಮಾಯವಾಗಿದ್ದಿತು. ಫೋಗೆಲನಿಗೆ ಹಿಂದಿನ ಫಲಕವಾಗಿದ್ದರೆ ಆ ಮಸಿಯು ಕಪ್ಪಾಗಿ ಉಳಿಯುತ್ತಿದ್ದಿತು, ಕಲೆಗಳೂ ಉಳಿಯುತ್ತಿದ್ದುವು. ಚಿತ್ರ ತೆಗೆದವನನ್ನು ದೂರಲಾರೆವು. ಅವನ ಚಿತ್ರದಲ್ಲಿ ಕಪ್ಪು ಅಕ್ಷರಗಳು ಮೂಲಕ್ಕಿಂತಲೂ ಸ್ಫುಟವಾಗಿದ್ದುವು. ಯಾವ ಗಾಜೆಂದು ಕೇಳದೆ ಹೋದವರು ನಾವು.

ಹರಿತಾಳವನ್ನು ಬಳಿದು ತಿದ್ದಿದ ಪ್ರತಿಗಳಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ಹಳೆಯ ಫಲಕದಲ್ಲಿ ಹರಿತಾಳವು ಕಪ್ಪು ಮಚ್ಚೆಯಾಗಿ ಮೇಲೆ ಬರೆದ ಅಕ್ಷರವನ್ನು ನುಂಗುವುದು. ಹಳದಿ ಗಾಜಿನ ಮೂಲಕ ತೆಗೆದರೆ ಅಕ್ಷರವು ಕಾಣುವುದು, ತಿದ್ದುಪಡಿಯ ಗುರುತು ಮಾತ್ರ ಕಾಗದದೊಡನೆ ಬೆರೆತುಹೋಗುವುದು. ಲಿಪಿಕಾರನ ಮೊದಲ ಪಾಠವೇ ಇದೆಂದು ಸಂಪಾದಕನು ಭ್ರಮಿಸುವನು. ಓಲೆಗರಿಗಳಲ್ಲಿ ಈ ಭಯವು ಕಡಮೆ. ಕಂಟದಿಂದ ಕೊರೆದು ಮಸಿ ತುಂಬಿದ ಅಕ್ಷರವು ಕಪ್ಪಾಗಿಯೇ ನಿಂತು ಗರಿಯೊಂದೇ ಬೆಳಗುವುದು. ಕಾಗದದ ಪ್ರತಿಗಳಿಗಾದರೋ ಗಾಜಿಟ್ಟು ತೆಗೆದುದೊಂದು, ಗಾಜಿಲ್ಲದುದೊಂದು, ಹೀಗೆ ಎರಡು ಚಿತ್ರಗಳನ್ನು ಎದುರಿಗಿಟ್ಟುಕೊಂಡು ಓದತಕ್ಕದ್ದು.